ಅಡ್ಡಗಾಳಿಯಲ್ಲಿ ಸಣ್ಣ ಬೆಂಕಿ ಮಲಗುತ್ತದೆ, ದೊಡ್ಡ ಬೆಂಕಿ ನಿಲ್ಲುತ್ತದೆ: ಕಾರಣವೇನು?

ಪ್ರಶ್ನೆ: ಬೆಟ್ಟದಂಚು

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟ ಚಿಕ್ಕಮಗಳೂರು ಜಿಲ್ಲೆಯ ಒಂದು ಹುಲ್ಲುಬೆಟ್ಟದ ಬುಡದಲ್ಲಿದೆ. ಜನವರಿ ಕಳೆದು ಹುಲ್ಲು ಒಣಗಿದ ಮೇಲೆ ಮೊದಲ ಮಳೆ ಬೀಳುವವರೆಗೆ ನಮಗೆ ಬೆಂಕಿಯದೇ ಚಿಂತೆಯಾದ್ದರಿಂದ ಪ್ರತಿ ವರ್ಷವೂ ಬೇಲಿಯುದ್ದಕ್ಕೂ ಹುಲ್ಲು ಕೆರೆದು ಬೆಂಕಿ ರೇಖೆ ಮಾಡಿಕೊಳ್ಳುತ್ತೇವೆ. ಈ ವರ್ಷ ಫೆಬ್ರವರಿಯ ಕೊನೆಯಲ್ಲಿ, ಮೂಡಣ ಗಾಳಿ ಬಲವಾಗಿ ಬೀಸುತ್ತಿದ್ದ ಒಂದು ಮಧ್ಯಾಹ್ನ, ಬೆಟ್ಟಕ್ಕೆ ಬೆಂಕಿ ಬಿತ್ತು. ಊರಿನವರ ಜೊತೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಆರಿಸಲು ನಾನೂ ಹೋಗಿದ್ದೆ. ನನ್ನ ಮಗಳು ತೋಟದ ಮನೆಯ ಜಗಲಿಯಿಂದ ಮೊಬೈಲಿನಲ್ಲಿ ಅದರ ಒಂದಷ್ಟು ಭಾಗವನ್ನು ಚಿತ್ರೀಕರಿಸಿದ್ದಾಳೆ. ಅಂದು ಕಂಡ ಕೆಲವು ಸಂಗತಿಗಳು ನನ್ನ ತಲೆಯಿಂದ ಹೋಗುತ್ತಿಲ್ಲ. ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮೊದಲನೆಯದು, ಮೊಣಕಾಲೆತ್ತರದ ಹುಲ್ಲಿನಲ್ಲಿ ಬೆಂಕಿಯು ಗಾಳಿಗೆ ಪೂರ್ತಿ ಬಗ್ಗಿ ನೆಲವನ್ನು ನೆಕ್ಕುವಂತೆ ಓಡುತ್ತಿತ್ತು. ಆದರೆ ಲಂಟಾನ ದಟ್ಟವಾಗಿ ಬೆಳೆದಿದ್ದ ಹಳ್ಳದ ಮಗ್ಗುಲಿಗೆ ಅದೇ ಬೆಂಕಿ ತಲುಪಿದಾಗ, ಅದೇ ಗಾಳಿಯಲ್ಲೇ, ಎರಡಾಳು ಎತ್ತರದ ಜ್ವಾಲೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿತು. ದೊಡ್ಡ ಜ್ವಾಲೆಗೆ ಗಾಳಿ ತಾಗುವ ಮೈ ಹೆಚ್ಚು, ಆದ್ದರಿಂದ ಅದೇ ಹೆಚ್ಚು ಬಗ್ಗಬೇಕಲ್ಲವೇ ಎಂಬುದು ನನ್ನ ಅನುಮಾನ.

ಎರಡನೆಯದು, ಬೆಂಕಿಯ ಸಾಲು ಒಂದೇ ಗೋಡೆಯ ಹಾಗೆ ಬರಲಿಲ್ಲ. ಬಾಚಣಿಗೆಯ ಹಲ್ಲುಗಳಂತೆ ಎತ್ತರದ ನಾಲಿಗೆ, ನಡುವೆ ತಗ್ಗು, ಮತ್ತೆ ನಾಲಿಗೆ, ಹೀಗೆ ಬಹುಮಟ್ಟಿಗೆ ಸಮ ಅಂತರದಲ್ಲಿ ಕಾಣುತ್ತಿತ್ತು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದರೂ ಒಂದು ತಗ್ಗಿನಿಂದ ಬೆಂಕಿ ನೆಲಕ್ಕೆ ಮೈಯೊತ್ತಿ ಚಿಮ್ಮಿ ಬಂದು, ನಾನು ಹಿಂದೆ ಸರಿಯುವಷ್ಟರಲ್ಲಿ ಹಿಂತಿರುಗಿತ್ತು. ಮುಂಗೈಯ ಕೂದಲೆಲ್ಲ ಸುಟ್ಟು ಉಂಡೆಯಾಗಿದ್ದರೂ ಚರ್ಮಕ್ಕೆ ಏನೂ ಆಗಿರಲಿಲ್ಲ.

ಕೊನೆಯದಾಗಿ, ನಮ್ಮ ಜೊತೆಗಿದ್ದ ಹಿರಿಯರೊಬ್ಬರು "ದೊಡ್ಡ ಬೆಂಕಿ ತನ್ನ ಕಡೆಗೆ ತಾನೇ ಗಾಳಿ ಎಳೆದುಕೊಳ್ಳುತ್ತದೆ, ಎದುರು ಬೆಂಕಿ ಹಚ್ಚಿದರೆ ಅದನ್ನೂ ಎಳೆದುಕೊಳ್ಳುತ್ತದೆ" ಎಂದು ಹೇಳಿ ಬೇಲಿಯಂಚಿನಲ್ಲಿ ಹಚ್ಚಲು ಹೊರಟರು. ನಾವು ತಡೆದೆವು. ಅವರು ಹೇಳಿದ್ದು ಸರಿಯೇ?

ಉತ್ತರ 1: ತೈಲತೊಟ್ಟಿ

ನಮಸ್ಕಾರ. ತೈಲ ಸಂಗ್ರಹಾಗಾರಗಳಲ್ಲಿ ಒಂದು ತೊಟ್ಟಿಗೆ ಬೆಂಕಿ ಬಿದ್ದರೆ ಪಕ್ಕದ ತೊಟ್ಟಿ ಎಷ್ಟು ದೂರದಲ್ಲಿರಬೇಕು ಎಂಬ ಲೆಕ್ಕ ಮಾಡುವುದು ನನ್ನ ಕೆಲಸ. ಹುಲ್ಲಿನ ಬೆಂಕಿಯನ್ನು ನಾನು ಹತ್ತಿರದಿಂದ ಕಂಡವನಲ್ಲ. ಆದರೂ ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸಬಲ್ಲೆ, ಏಕೆಂದರೆ ಉರಿಯುವುದು ಹುಲ್ಲಾದರೂ ಪೆಟ್ರೋಲ್ ಆದರೂ ಗಾಳಿಗೂ ಜ್ವಾಲೆಗೂ ನಡೆಯುವ ಹಗ್ಗಜಗ್ಗಾಟ ಒಂದೇ.

ಜ್ವಾಲೆಯನ್ನು ಬಾವುಟದಂತೆ, ಗಾಳಿಗೆ ಅಡ್ಡ ನಿಂತ ಒಂದು ವಸ್ತುವಿನಂತೆ ಕಲ್ಪಿಸಿಕೊಂಡರೆ ನಿಮ್ಮ ಅನುಮಾನ ಸಹಜವೇ. ಆದರೆ ಜ್ವಾಲೆಯೆಂಬುದು ಮೇಲಕ್ಕೆ ಬೀಸುತ್ತಿರುವ ಮತ್ತೊಂದು ಗಾಳಿ. ಉರಿಯುವ ಅನಿಲದ ಉಷ್ಣತೆ ಸುಮಾರು 800ರಿಂದ 900 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ಅದರ ಸಾಂದ್ರತೆ ಸುತ್ತಲಿನ ಗಾಳಿಯ ನಾಲ್ಕನೆಯ ಒಂದರಷ್ಟಕ್ಕೆ ಇಳಿದಿರುತ್ತದೆ. ನೀರಿನಲ್ಲಿ ಮುಳುಗಿಸಿ ಹಿಡಿದ ಬೆಂಡು ಕೈಬಿಟ್ಟ ಕೂಡಲೇ ಮೇಲಕ್ಕೆ ನೆಗೆಯುವಂತೆ ಈ ಹಗುರ ಅನಿಲ ಮೇಲೇಳುತ್ತದೆ, ಮತ್ತು ಜ್ವಾಲೆ ಕಡಿಯದೆ ಉರಿಯುವ ಎತ್ತರದವರೆಗೆ ಅದರ ವೇಗ ಹೆಚ್ಚುತ್ತಲೇ ಹೋಗುತ್ತದೆ. ಆದ್ದರಿಂದ ಎತ್ತರದ ಜ್ವಾಲೆಯೊಳಗಿನ ಏರುಗಾಳಿ ಗಿಡ್ಡ ಜ್ವಾಲೆಯೊಳಗಿನದಕ್ಕಿಂತ ಬಲವಾಗಿರುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಮ್ಯಾಕ್‌ಕ್ಯಾಫ್ರಿ ಎಂಬವರು 1979ರಲ್ಲಿ ಮಾಡಿದ ಅಳತೆಗಳ ಪ್ರಕಾರ, ಜ್ವಾಲೆ ಹೊಯ್ದಾಡುವ ಭಾಗದ ನಡುಗೆರೆಯಲ್ಲಿ ಏರುವೇಗವು ಬೆಂಕಿಯ ಶಾಖೋತ್ಪಾದನೆಯ ಐದನೆಯ ಘಾತಮೂಲಕ್ಕೆ ಅನುಗುಣವಾಗಿರುತ್ತದೆ. 10 ಕಿಲೋವ್ಯಾಟಿನ ಸಣ್ಣ ಸೌದೆ ಬೆಂಕಿಯಲ್ಲಿ ಅದು ಸೆಕೆಂಡಿಗೆ ಸುಮಾರು 3 ಮೀಟರ್. 1 ಮೆಗಾವ್ಯಾಟಿನಲ್ಲಿ, ಎಂದರೆ ಧಗಧಗ ಉರಿಯುವ ಒಂದು ಸೋಫಾದಲ್ಲಿ, ಸುಮಾರು 7.6 ಮೀಟರ್; 100 ಮೆಗಾವ್ಯಾಟಿನಲ್ಲಿ, ಎಂದರೆ 7–8 ಮೀಟರ್ ವ್ಯಾಸದ ಪೆಟ್ರೋಲ್ ಕೊಳವೊಂದು ಉರಿಯುವಾಗ, ಸುಮಾರು 19 ಮೀಟರ್. ಗಂಟೆಗೆ 18 ಕಿಲೋಮೀಟರಿನ ಗಾಳಿ ಎಂದರೆ ಸೆಕೆಂಡಿಗೆ 5 ಮೀಟರ್. ಈ ಗಾಳಿ ಮೊದಲನೆಯ ಬೆಂಕಿಯನ್ನು ಮಲಗಿಸುತ್ತದೆ, ಮೂರನೆಯದನ್ನು ಸ್ವಲ್ಪ ವಾಲಿಸುತ್ತದೆ ಅಷ್ಟೇ.

ಈ ಪೈಪೋಟಿಯನ್ನು ಅಳೆಯಲು ನಾವು ಬಳಸುವುದು ಫ್ರೌಡ್ ಸಂಖ್ಯೆ. ಗಾಳಿಯ ವೇಗದ ವರ್ಗವನ್ನು, ಜ್ವಾಲೆಯ ಎತ್ತರ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದರೆ ಅದು ದೊರೆಯುತ್ತದೆ. (ವಿಲಿಯಂ ಫ್ರೌಡ್ 19ನೆಯ ಶತಮಾನದಲ್ಲಿ ಹಡಗುಗಳ ಪುಟ್ಟ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು ಅಭ್ಯಸಿಸಿದ ಎಂಜಿನಿಯರ್, ಅಲೆಗೂ ಜ್ವಾಲೆಗೂ ಒಂದೇ ಅಳತೆಗೋಲು ಒಪ್ಪುತ್ತದೆ ಎಂಬುದು ನನಗೆ ಇಂದಿಗೂ ಸೋಜಿಗದ ವಿಷಯ.) ಸಾಲು ಬೆಂಕಿಯ ವಿಷಯದಲ್ಲಿ ಅಮೆರಿಕದ ಅಗ್ನಿ ಸಂಶೋಧಕ ಆಲ್ಬಿನಿ 1981ರಲ್ಲಿ ತೋರಿಸಿದಂತೆ, ಜ್ವಾಲೆಯು ಲಂಬರೇಖೆಯಿಂದ ವಾಲುವ ಕೋನದ ಸ್ಪರ್ಶಕವು (tan) ಈ ಸಂಖ್ಯೆಯ ವರ್ಗಮೂಲದ ಸುಮಾರು 1.2 ಪಟ್ಟು. ಸೆಕೆಂಡಿಗೆ 3 ಮೀಟರಿನ ಗಾಳಿಯಲ್ಲಿ 1 ಮೀಟರ್ ಎತ್ತರದ ಜ್ವಾಲೆಗೆ ಲೆಕ್ಕ ಹಾಕಿದರೆ ವಾಲುವಿಕೆ ಸುಮಾರು 49 ಡಿಗ್ರಿ ಬರುತ್ತದೆ. 9 ಮೀಟರಿನ ಜ್ವಾಲೆಗೆ ಸುಮಾರು 21 ಡಿಗ್ರಿ ಮಾತ್ರ. ನಿಮ್ಮ ಹುಲ್ಲಿನ ಬೆಂಕಿಯಂತೆ 9 ಮೀಟರಿನ ಜ್ವಾಲೆಯೂ ಮಲಗಬೇಕಾದರೆ ಗಾಳಿ ಮೂರು ಪಟ್ಟು ಬಲವಾಗಿ ಬೀಸಬೇಕು.

ಒಂದು ಎಚ್ಚರಿಕೆ ಅಗತ್ಯ. ಹವಾಮಾನ ವರದಿಯ ಗಾಳಿ 10 ಮೀಟರ್ ಎತ್ತರದಲ್ಲಿ ಅಳೆದದ್ದು. ಹುಲ್ಲು ಬಯಲಿನಲ್ಲಿ 1 ಮೀಟರ್ ಎತ್ತರಕ್ಕೆ ಅದರ ನೂರಕ್ಕೆ 60ರಷ್ಟು ಮಾತ್ರ ದಕ್ಕುತ್ತದೆ. ಎಂದರೆ ಎತ್ತರದ ಜ್ವಾಲೆಗೆ ಹೆಚ್ಚು ಗಾಳಿ ತಾಗುತ್ತದೆ ಎಂಬ ನಿಮ್ಮ ಎಣಿಕೆ ತಪ್ಪಲ್ಲ; ಆದರೆ ತೇಲುಬಲದ ಹೆಚ್ಚಳ ಅದನ್ನು ಮೀರಿಸುತ್ತದೆ.

ನಮ್ಮ ತೊಟ್ಟಿಗಳ ವಿಷಯದಲ್ಲಿ ವಾಲುವ ಕೋನಕ್ಕಿಂತ ನನ್ನ ನಿದ್ದೆಗೆಡಿಸುವುದು ಬೇರೊಂದು. ಬಲವಾದ ಗಾಳಿಯಲ್ಲಿ ಜ್ವಾಲೆಯ ತುದಿ ಬಗ್ಗುವುದಷ್ಟೇ ಅಲ್ಲದೆ ಅದರ ಬುಡವೇ ತೊಟ್ಟಿಯ ಅಂಚನ್ನು ದಾಟಿ ಗಾಳಿ ಹೋಗುವ ಕಡೆಗೆ ಜಾರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಹೊತ್ತುವ ಮೊದಲು ಅದು ಅಂಚಿನಿಂದ ಕೆಳಕ್ಕೆ ಸುರಿಯುವಂತೆ ಹರಿಯುತ್ತದೆ. ಜೊತೆಗೆ ತೊಟ್ಟಿಯ ಹಿಂಬದಿಯ ಗಾಳಿಮರೆಯಲ್ಲಿ ಒತ್ತಡ ಕಡಿಮೆಯಿದ್ದು ಸುಳಿಗಳು ಏಳುವುದರಿಂದ, ಜ್ವಾಲೆಯು ಮೇಲೇಳುವ ಬದಲು ತೊಟ್ಟಿಯ ಗೋಡೆಗುಂಟ ಕೆಳಕ್ಕೆಳೆಯಲ್ಪಡುತ್ತದೆ. ಸಂಸ್ಕರಣಾಗಾರಗಳಲ್ಲಿ ಹೆಚ್ಚುವರಿ ಅನಿಲವನ್ನು ಸುಡುವ ಎತ್ತರದ ಕೊಳವೆಗಳಾದ ಉರಿಗಂಬಗಳಲ್ಲಿಯೂ ಬಿರುಗಾಳಿಯ ದಿನ ಕೊಳವೆಯ ಹಿಂಭಾಗವನ್ನು ಬೆಂಕಿ ನೆಕ್ಕುತ್ತಿರುವುದನ್ನು ಕಾಣಬಹುದು. 2009ರ ಅಕ್ಟೋಬರ್ 29ರಂದು ಜೈಪುರದ ಸೀತಾಪುರದಲ್ಲಿ ತೈಲ ತೊಟ್ಟಿಗಳಿಗೆ ಹತ್ತಿದ ಬೆಂಕಿ ವಾರಕ್ಕೂ ಹೆಚ್ಚು ಕಾಲ ಉರಿಯಿತು. ಅಂಥ ಬೆಂಕಿಯ ಮುಂದೆ ನಿಂತವರಿಗೆ ಗಾಳಿ ಯಾವ ಕಡೆಗಿದೆ ಎಂಬುದೇ ಮೊದಲ ಪ್ರಶ್ನೆ.

ಬಾಚಣಿಗೆಯ ಹಲ್ಲಿನ ವಿಷಯವನ್ನು ದ್ರವಗತಿ ಅವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಉತ್ತರ 2: ದ್ರವಗತಿ

ತೈಲತೊಟ್ಟಿ ಅವರು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ವಾಲುವ ಕೋನವೆಂಬುದು ಸರಾಸರಿ. ಹತ್ತಿಪ್ಪತ್ತು ಸೆಕೆಂಡುಗಳ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಕಾಣುವ ನಯವಾದ ಓರೆ ಜ್ವಾಲೆ ಅದು. ಬೆಟ್ಟದಂಚು ಅವರ ಕೂದಲು ಸುಟ್ಟದ್ದು ಆ ಸರಾಸರಿ ಜ್ವಾಲೆಯಿಂದಲ್ಲ. ಆ ಲೆಕ್ಕದ ಪ್ರಕಾರ ಅವರು ಜ್ವಾಲೆಯ ಹೊರಗೇ ಇದ್ದರು. ಬೆಂಕಿ ಮುಂದಿನ ಹುಲ್ಲನ್ನು ಹೊತ್ತಿಸುವ ಬಗೆ ತಿಳಿಯಬೇಕಾದರೆ ಸರಾಸರಿಯನ್ನು ಬಿಟ್ಟು ಕ್ಷಣಕ್ಷಣದ ಹೊಯ್ದಾಟವನ್ನು ನೋಡಬೇಕು ಎಂಬುದೇ ನನ್ನ ಮುಖ್ಯ ಮಾತು.

ಉದ್ದನೆಯ ಬೆಂಕಿಯ ಸಾಲನ್ನು ಮೇಲಿನಿಂದ ನೋಡುತ್ತಿದ್ದೀರಿ ಎಂದುಕೊಳ್ಳಿ. ಹಿಂದಿನಿಂದ ಬರುವ ಗಾಳಿಗೆ ಏರುತ್ತಿರುವ ಬಿಸಿ ಅನಿಲದ ಪರದೆಯೊಂದು ಅಡ್ಡ ನಿಂತಿದೆ. ಪರದೆ ತಾನು ಏರುತ್ತ ಏರುತ್ತ ಎರಡೂ ಕಡೆಯಿಂದ ಗಾಳಿಯನ್ನು ಒಳಗೆಳೆದುಕೊಳ್ಳಬೇಕು. ಹಿಂಬದಿಯಲ್ಲಿ ಗಾಳಿಗೆ ಕೊರತೆಯಿಲ್ಲ. ಮುಂಬದಿಯಲ್ಲಿ, ಬಗ್ಗಿದ ಜ್ವಾಲೆಗೂ ನೆಲಕ್ಕೂ ನಡುವಿನ ಸಂದಿಯಲ್ಲಿ, ಗಾಳಿ ಒಳಗೆ ಬರಲು ದಾರಿಯೇ ಇಲ್ಲ. ಅಲ್ಲಿ ಒತ್ತಡ ಇಳಿದು ಜ್ವಾಲೆ ಇನ್ನಷ್ಟು ನೆಲಕ್ಕೆ ಅಂಟಿಕೊಳ್ಳುತ್ತದೆ. ಈ ಸ್ಥಿತಿ ಬಹಳ ಹೊತ್ತು ನಿಲ್ಲಲಾರದು. ಪರದೆ ಅಲ್ಲಲ್ಲಿ ಹರಿಯುತ್ತದೆ. ಕೆಲವು ಕಡೆ ಬಿಸಿ ಅನಿಲವೆಲ್ಲ ಒಟ್ಟುಗೂಡಿ ಗೋಪುರದಂತೆ ಏರಿದರೆ, ಎರಡು ಗೋಪುರಗಳ ನಡುವಿನ ತಗ್ಗಿನಲ್ಲಿ ತಂಪು ಗಾಳಿ ಮೇಲಿನಿಂದ ಇಳಿದು, ಜ್ವಾಲೆಯನ್ನು ನೆಲಕ್ಕೆ ಒತ್ತಿ, ಮುಂದಕ್ಕೆ ತಳ್ಳಿಕೊಂಡು ನುಗ್ಗುತ್ತದೆ. ನಿಮಗೆ ಬಾಚಣಿಗೆಯಂತೆ ಕಂಡದ್ದು ಇದೇ. ಬೆಂಕಿ ಚಿಮ್ಮಿದ್ದು ಎತ್ತರದ ನಾಲಿಗೆಯಿಂದಲ್ಲ, ತಗ್ಗಿನಿಂದ ಎಂದು ನೀವು ಗಮನಿಸಿರುವುದು ಬಹಳ ಬೆಲೆಯುಳ್ಳ ವಿವರ.

ಹಲ್ಲುಗಳ ಅಂತರ ಬಹುಮಟ್ಟಿಗೆ ಸಮವಾಗಿರಲು ಕಾರಣವಿದೆ. ನೆಲಕ್ಕೆ ಸಮಾಂತರವಾಗಿ ಬಂದ ಗಾಳಿ ಬೆಂಕಿಯನ್ನು ಸೇರಿದೊಡನೆ ಮೇಲಕ್ಕೆ ತಿರುಗುತ್ತದೆ. ಒಳಬಾಗಿದ ಬಾಣಲೆಯ ಮೈಗುಂಟ ಹರಿದಂತೆ ಅದರ ಹಾದಿ ಬಾಗುತ್ತದೆ. ಹೀಗೆ ಬಾಗಿ ಹರಿಯುವ ಪದರದಲ್ಲಿ ಹರಿವಿನ ದಿಕ್ಕಿಗೇ ಉದ್ದವಾಗಿ ಮಲಗಿದ, ಒಂದು ಬಲಕ್ಕೆ ಇನ್ನೊಂದು ಎಡಕ್ಕೆ ತಿರುಗುವ ಸುಳಿಗಳ ಜೋಡಿಗಳು ಹುಟ್ಟುತ್ತವೆ. ಇವುಗಳನ್ನು ಗರ್ಟ್ಲರ್ ಸುಳಿಗಳೆಂದು ಕರೆಯುತ್ತಾರೆ. ಎರಡು ಸುಳಿಗಳು ಸೇರಿ ಮೇಲಕ್ಕೆತ್ತುವಲ್ಲಿ ಗೋಪುರ, ಸೇರಿ ಕೆಳಕ್ಕೊತ್ತುವಲ್ಲಿ ತಗ್ಗು.

ಅಮೆರಿಕದ ಮೊಂಟಾನಾ ರಾಜ್ಯದ ಮಿಸೂಲಾದಲ್ಲಿರುವ ಅರಣ್ಯ ಇಲಾಖೆಯ ಅಗ್ನಿವಿಜ್ಞಾನ ಪ್ರಯೋಗಾಲಯದಲ್ಲಿ ಮಾರ್ಕ್ ಫಿನ್ನಿ ಮತ್ತು ಸಂಗಡಿಗರು ಇದನ್ನು ಬಹಳ ತಾಳ್ಮೆಯಿಂದ ಪರಿಶೀಲಿಸಿದರು. ನಿಜವಾದ ಹುಲ್ಲು ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ ಅವರು ರಟ್ಟನ್ನು ಲೇಸರಿನಿಂದ ಬಾಚಣಿಗೆಯಂತೆ ಕತ್ತರಿಸಿ, ಸಾಲಾಗಿ ನಿಲ್ಲಿಸಿ, ಗಾಳಿ ಸುರಂಗದಲ್ಲಿ ಉರಿಸಿದರು. 2015ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹಳೆಯ ತಿಳುವಳಿಕೆಯೊಂದನ್ನು ಅಲುಗಾಡಿಸಿತು. ಬೆಂಕಿಯ ಮುಂದಿನ ಹುಲ್ಲು ಜ್ವಾಲೆಯ ವಿಕಿರಣದಿಂದ ಕಾಯ್ದು ಹೊತ್ತಿಕೊಳ್ಳುತ್ತದೆ ಎಂದು ಬಹುಕಾಲ ಭಾವಿಸಲಾಗಿತ್ತು. ಆದರೆ ತೆಳುವಾದ ಎಸಳಿಗೆ ತೂಕಕ್ಕೆ ಹೋಲಿಸಿದರೆ ಮೈ ಬಹಳ. ವಿಕಿರಣ ಕಾಯಿಸಿದಷ್ಟನ್ನೂ ಸುತ್ತ ಹಾಯುವ ಗಾಳಿ ತಣಿಸಿಬಿಡುತ್ತದೆ. ಅದು ಹೊತ್ತಿಕೊಳ್ಳುವುದು ಮುಂದಕ್ಕೆ ಚಿಮ್ಮಿದ ಜ್ವಾಲೆ ಮತ್ತೆ ಮತ್ತೆ ಬಂದು ನೆಕ್ಕಿದಾಗ. ಪ್ರತಿ ನೆಕ್ಕಿನಲ್ಲೂ ಒಂದಷ್ಟು ಕಾಯುತ್ತದೆ, ನಡುವೆ ಸ್ವಲ್ಪ ತಣಿಯುತ್ತದೆ, ಕೊನೆಗೊಂದು ನೆಕ್ಕಿನಲ್ಲಿ ಹೊತ್ತಿಕೊಳ್ಳುತ್ತದೆ. ನಿಮ್ಮ ಮುಂಗೈ ಇದಕ್ಕೇ ಸಾಕ್ಷಿ. ಕೂದಲು ಒಂದು ಮಿಲಿಮೀಟರಿನ ಹತ್ತನೆಯ ಒಂದಂಶಕ್ಕಿಂತಲೂ ತೆಳು. ಬಿಸಿ ಅನಿಲ ಅರೆಕ್ಷಣ ಸೋಕಿದರೂ ಕರಕಲಾಗುತ್ತದೆ. ಚರ್ಮ ದಪ್ಪವಾದ್ದರಿಂದ ಅಷ್ಟರಲ್ಲಿ ಬಿಸಿಯೇರಲಿಲ್ಲ. ದೂರದ ವಿಕಿರಣವೇ ಕಾರಣವಾಗಿದ್ದರೆ ಕೂದಲಿಗಿಂತ ಮೊದಲು ಚರ್ಮವೇ ಉರಿದು ನಿಮ್ಮನ್ನು ಹಿಂದೆ ಸರಿಸುತ್ತಿತ್ತು.

ಈ ಚಿಮ್ಮುವಿಕೆಗೆ ಒಂದು ತಾಳವೂ ಇದೆ. ಗಾಳಿಯಿಲ್ಲದ ಕಡೆ ಗುಂಡನೆಯ ಕೊಳದಂತೆ ಉರಿಯುವ ಬೆಂಕಿಯ ಬುಡದಲ್ಲಿ ಉಂಗುರದಂಥ ಸುಳಿಗಳು ಒಂದರ ಹಿಂದೊಂದು ಹುಟ್ಟಿ ಮೇಲೇರುವುದರಿಂದ ಜ್ವಾಲೆ ಉಸಿರಾಡುವಂತೆ ಉಬ್ಬಿ ಇಳಿಯುತ್ತದೆ. ಸೆಕೆಂಡಿಗೆ ಎಷ್ಟು ಬಾರಿ ಎಂಬುದು 1.5ನ್ನು ಮೀಟರುಗಳಲ್ಲಿರುವ ವ್ಯಾಸದ ವರ್ಗಮೂಲದಿಂದ ಭಾಗಿಸಿದಷ್ಟು. 1 ಮೀಟರಿನ ಬೆಂಕಿ ಎರಡು ಸೆಕೆಂಡಿಗೆ ಮೂರು ಬಾರಿ ಉಬ್ಬಿದರೆ 9 ಮೀಟರಿನದು ಎರಡು ಸೆಕೆಂಡಿಗೆ ಒಮ್ಮೆ ಮಾತ್ರ. ಉರಿಯುವ ವಸ್ತು ಯಾವುದೇ ಇರಲಿ, ಈ ನಿಯಮ ಹೆಚ್ಚು ಬದಲಾಗುವುದಿಲ್ಲ. ದೊಡ್ಡ ಬೆಂಕಿಯನ್ನು ದೂರದಿಂದ ಕಂಡಾಗ ಅದು ಸಾವಕಾಶವಾಗಿ, ಗಂಭೀರವಾಗಿ ಹೊರಳುವಂತೆ ತೋರುವುದು ಇದರಿಂದಲೇ.

ಇಳಿಜಾರಿನ ಮಾತನ್ನೂ ಸೇರಿಸಬೇಕು, ಏಕೆಂದರೆ ನಿಮ್ಮದು ಬೆಟ್ಟ. ಏರು ನೆಲದಲ್ಲಿ ಜ್ವಾಲೆಗೆ ಮೇಲ್ಬದಿಯ ನೆಲವೇ ಹತ್ತಿರವಾಗಿರುವುದರಿಂದ ಆ ಕಡೆಯಿಂದ ಗಾಳಿ ಸಿಗದೆ, ಗಾಳಿಯೇ ಇಲ್ಲದ ದಿನವೂ ಜ್ವಾಲೆ ನೆಲಕ್ಕೊರಗಬಲ್ಲದು. 1987ರ ನವೆಂಬರ್ 18ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ಭೂಗತ ನಿಲ್ದಾಣದಲ್ಲಿ, 30 ಡಿಗ್ರಿ ಓರೆಯಿದ್ದ ಮರದ ಎಸ್ಕಲೇಟರಿನ ಅಡಿಯಲ್ಲಿ ಹತ್ತಿದ ಸಣ್ಣ ಬೆಂಕಿ ಮೇಲೇಳದೆ ಮೆಟ್ಟಿಲುಗಳ ತಗ್ಗಿನಲ್ಲೇ ಮಲಗಿ ಹರಿದು, ಹಠಾತ್ತನೆ ಮೇಲಿನ ಟಿಕೆಟ್ ಸಭಾಂಗಣಕ್ಕೆ ನುಗ್ಗಿತು. 31 ಮಂದಿ ಸತ್ತರು. ಕಂಪ್ಯೂಟರ್ ಲೆಕ್ಕಾಚಾರ ಜ್ವಾಲೆ ಮಲಗುತ್ತದೆಂದು ತೋರಿಸಿದಾಗ ಮೊದಲಿಗೆ ಹಲವರು ನಂಬಲಿಲ್ಲ. ಮಾದರಿ ಕಟ್ಟಿ ಉರಿಸಿ ನೋಡಿದ ಮೇಲೆ ಒಪ್ಪಿದರು. ಬೆಟ್ಟದ ಏರಿನಲ್ಲಿ, ಅದರಲ್ಲೂ ಕೊರಕಲಿನಲ್ಲಿ, ಬೆಂಕಿಯ ಮೇಲ್ಬದಿಗೆ ಯಾರೂ ನಿಲ್ಲಬಾರದೆಂದು ಹೇಳುವುದು ಈ ಕಾರಣಕ್ಕೆ.

ಇನ್ನು ಬಹಳ ದೊಡ್ಡ ಬೆಂಕಿಗಳಲ್ಲಿ, ನೆಟ್ಟಗೆ ನಿಂತ ಬಿಸಿ ಕಂಬವೇ ಅಡ್ಡಗಾಳಿಗೆ ಹೊಳೆಯ ನಡುವಿನ ಬಂಡೆಯಂತೆ ತಡೆಯಾಗುತ್ತದೆ. ಬಂಡೆಯ ಹಿಂದೆ ನೀರು ಸುಳಿಯುವಂತೆ ಕಂಬದ ಹಿಂದೆ, ಗಾಳಿ ಹೋಗುವ ಕಡೆ, ಸುಳಿಗಳು ಕಳಚಿಕೊಳ್ಳುತ್ತವೆ. ಅಲ್ಲಿ ಬೆಂಕಿಯೂ ಸೇರಿಕೊಂಡರೆ ಸುಳಿ ಮೇಲಕ್ಕೆ ಎಳೆಯಲ್ಪಟ್ಟು, ಕಿರಿದಾಗಿ, ಇನ್ನೂ ವೇಗವಾಗಿ ತಿರುಗುವ ಬೆಂಕಿಸುಳಿಯಾಗುತ್ತದೆ. 1923ರ ಸೆಪ್ಟೆಂಬರ್ 1ರ ಕಾಂಟೋ ಭೂಕಂಪದ ನಂತರ ಟೋಕಿಯೊ ಹೊತ್ತಿ ಉರಿಯುತ್ತಿದ್ದಾಗ, ಸೇನೆಯ ಹಳೆಯ ಉಡುಪು ಉಗ್ರಾಣದ ಬಯಲಿನಲ್ಲಿ ಆಶ್ರಯ ಪಡೆದಿದ್ದವರ ಮೇಲೆ ಇಂಥ ಸುಳಿ ಎರಗಿ ಸುಮಾರು 38,000 ಜನ ಪ್ರಾಣ ಕಳೆದುಕೊಂಡರು. 2018ರ ಜುಲೈ 26ರಂದು ಕ್ಯಾಲಿಫೋರ್ನಿಯಾದ ರೆಡಿಂಗ್ ಬಳಿ ಎದ್ದ ಸುಳಿಯಲ್ಲಿ ಗಾಳಿಯ ವೇಗ ಗಂಟೆಗೆ ಸುಮಾರು 230 ಕಿಲೋಮೀಟರ್ ಮುಟ್ಟಿತ್ತೆಂದು ಅಂದಾಜಿಸಲಾಗಿದೆ.

ಉತ್ತರ 3: ಬೆಂಕಿಕಾವಲು

ನಾನು ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಬೇಸಿಗೆಗಳನ್ನೆಲ್ಲ ಬಹುಪಾಲು ಬೆಂಕಿ ರೇಖೆಗಳ ಮೇಲೆಯೇ ಕಳೆದಿದ್ದೇನೆ. ಎದುರು ಬೆಂಕಿಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ನಿಮ್ಮ ಹಿರಿಯರು ಹೇಳಿದ್ದು ಅನುಭವದ ಮಾತು, ಆದರೆ ಎಲ್ಲ ಬೆಂಕಿಗೂ ಒಪ್ಪುವ ಮಾತಲ್ಲ. ಬೆಂಕಿ ಗಾಳಿಯನ್ನು ಆಳುತ್ತಿದೆಯೋ, ಗಾಳಿ ಬೆಂಕಿಯನ್ನು ಆಳುತ್ತಿದೆಯೋ ಎಂಬುದರ ಮೇಲೆ ಅದು ನಿಂತಿದೆ. ಇದನ್ನು ತೂಗಿ ನೋಡುವ ಲೆಕ್ಕವೊಂದನ್ನು ಅಮೆರಿಕದ ಅರಣ್ಯ ಸೇವೆಯ ಜಾರ್ಜ್ ಬೈರಮ್ 1959ರಲ್ಲಿ ಕೊಟ್ಟರು. ಮೊದಲು ಬೆಂಕಿ ಸಾಲಿನ ತೀವ್ರತೆ: ಒಂದು ಚದರ ಮೀಟರಿನಲ್ಲಿ ಉರಿಯುವ ಹುಲ್ಲಿನ ತೂಕ, ಅದು ಕೊಡುವ ಶಾಖ, ಬೆಂಕಿ ಮುಂದೆ ಸಾಗುವ ವೇಗ, ಈ ಮೂರನ್ನೂ ಗುಣಿಸಬೇಕು. ಚದರ ಮೀಟರಿಗೆ ಅರ್ಧ ಕಿಲೋ ಒಣಹುಲ್ಲು, ಕಿಲೋಗೆ ಸುಮಾರು 18,000 ಕಿಲೋಜೌಲ್, ನಿಮಿಷಕ್ಕೆ 6 ಮೀಟರ್ ಓಟ ಎಂದಿಟ್ಟುಕೊಂಡರೆ ಸಾಲಿನ ಪ್ರತಿ ಮೀಟರಿಗೆ 900 ಕಿಲೋವ್ಯಾಟ್ ಬರುತ್ತದೆ. ಇದನ್ನು ಗಾಳಿಯ ವೇಗದ ಘನದೊಂದಿಗೆ ಹೋಲಿಸಬೇಕು. ನಾನು ಲೆಕ್ಕ ಹಾಕಿದಂತೆ, ಮೀಟರಿಗೆ 1,000 ಕಿಲೋವ್ಯಾಟ್ ಇರುವ ಸಾಲಿನಲ್ಲಿ ಗಾಳಿ ಗಂಟೆಗೆ ಸುಮಾರು 14 ಕಿಲೋಮೀಟರ್ ದಾಟಿದರೆ ಗಾಳಿಯೇ ಯಜಮಾನ. 10,000 ಕಿಲೋವ್ಯಾಟ್ ಇದ್ದರೆ ಈ ಗಡಿ ಸುಮಾರು 29 ಕಿಲೋಮೀಟರಿಗೆ ಏರುತ್ತದೆ.

ಅಂದು ನಿಮ್ಮ ಹುಲ್ಲಿನ ಬೆಂಕಿ ಮಲಗಿ ಓಡುತ್ತಿತ್ತು ಎಂದರೆ ಅಲ್ಲಿ ಗಾಳಿಯೇ ಯಜಮಾನ. ಅಂಥ ಬೆಂಕಿಯ ಮುಂದೆ, ಅದು ತೀರ ಹತ್ತಿರ ಬರುವವರೆಗೂ, ಗಾಳಿ ನಿಮ್ಮ ಕಡೆಗೇ ಬೀಸುತ್ತಿರುತ್ತದೆ, ಬೆಂಕಿಯ ಕಡೆಗೆ ತಿರುಗುವುದಿಲ್ಲ. ಬೇಲಿಯಂಚಿನಲ್ಲಿ ಹಚ್ಚಿದ್ದರೆ ಆ ಬೆಂಕಿ ಎದುರು ಹೋಗುವ ಬದಲು ನಿಮ್ಮ ಕಿರಿದಾದ ರೇಖೆಯನ್ನೇ ಹಾರಿ ತೋಟಕ್ಕೆ ನುಗ್ಗುವ ಸಂಭವವಿತ್ತು. ತಡೆದದ್ದು ಒಳ್ಳೆಯದಾಯಿತು. ಹಿರಿಯರ ಮಾತು ನಿಜವಾಗುವುದು ಹಳ್ಳದ ಲಂಟಾನದಂಥ ಬೆಂಕಿಯಲ್ಲಿ, ಗಾಳಿ ಸಡಿಲವಾಗಿದ್ದಾಗ. ಆಗ ಕಂಬ ನೆಟ್ಟಗೆ ನಿಂತು ಸುತ್ತಲಿಂದಲೂ ಗಾಳಿ ಎಳೆಯುತ್ತದೆ, ತರಗೆಲೆ ಬೆಂಕಿಯ ಕಡೆಗೆ ಹರಿದು ಹೋಗುವುದು ಕಣ್ಣಿಗೇ ಕಾಣುತ್ತದೆ. ಎದುರು ಬೆಂಕಿ ಹಚ್ಚುವ ಮೊದಲು ಒಂದು ಹಿಡಿ ಬೂದಿ ತೂರಿ ಅದು ಯಾವ ಕಡೆ ಹೋಗುತ್ತದೆಂದು ನೋಡುವುದು ನಮ್ಮ ವಾಡಿಕೆ. ಬೂದಿ ಮುಖಕ್ಕೆ ಬಂದರೆ ಹಚ್ಚುವುದಿಲ್ಲ. ಇದನ್ನು ಇಲಾಖೆಯ ಸಿಬ್ಬಂದಿ ಇಲ್ಲದೆ ಯಾರೂ ಮಾಡಬಾರದು ಎಂದೂ ಸ್ಪಷ್ಟವಾಗಿ ಹೇಳಬೇಕು.

ಸೊಪ್ಪು ಬಡಿದು ಆರಿಸುವುದಕ್ಕೂ ಮಿತಿಯಿದೆ. ಜ್ವಾಲೆಯ ಉದ್ದ ಸುಮಾರು 1.2 ಮೀಟರ್, ಎಂದರೆ ಎದೆಮಟ್ಟ, ದಾಟಿತೆಂದರೆ ಕೈಸಾಧನ ಹಿಡಿದು ಬೆಂಕಿಯ ಮುಂದೆ ನಿಲ್ಲುವುದು ಸಾಧ್ಯವಿಲ್ಲ. ಇದು ಮೀಟರಿಗೆ ಸುಮಾರು 350 ಕಿಲೋವ್ಯಾಟಿನ ಮಟ್ಟ. ಮೇಲೆ ಹೇಳಿದ 900 ಕಿಲೋವ್ಯಾಟಿನ ಸಾಲು ಇದನ್ನು ಆಗಲೇ ಮೀರಿದೆ. ಅಂಥಲ್ಲಿ ಸುಟ್ಟ ನೆಲದ ಕಡೆಯಿಂದ ಹೋಗಿ, ಮಗ್ಗುಲುಗಳನ್ನು ಬಡಿಯುತ್ತ ಮುಂದಕ್ಕೆ ಸಾಗಬೇಕು. ಮಗ್ಗುಲಿನಲ್ಲಿ ಗಾಳಿ ಬೆಂಕಿಯ ಉದ್ದಕ್ಕೆ ಹಾಯುವುದರಿಂದ ಜ್ವಾಲೆ ನಿಮ್ಮ ಮೇಲೆ ಬಗ್ಗುವುದಿಲ್ಲ. ಆದರೆ ಗಾಳಿ ದಿಕ್ಕು ಬದಲಿಸಿದ ಕ್ಷಣ ಉದ್ದನೆಯ ಮಗ್ಗುಲೇ ತಲೆ, ಎಂದರೆ ಗಾಳಿಯೊಂದಿಗೆ ಮುನ್ನುಗ್ಗುವ ಮುಂಭಾಗ, ಆಗಿಬಿಡುತ್ತದೆ ಎಂಬುದನ್ನು ಮರೆಯಬಾರದು.

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟ ದಿನಗಳು ಅನೇಕರಿಗೆ ನೆನಪಿರಬಹುದು. ಅದೇ ವಾರ, ಫೆಬ್ರವರಿ 23ರಂದು, ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನದ ವಾಹನ ನಿಲುಗಡೆಯ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರುಗಳು ಸುಟ್ಟವು. ಒಂದು ಕಡೆ ಕಾಡು, ಇನ್ನೊಂದು ಕಡೆ ನಗರದಂಚಿನ ಮೈದಾನ. ಎರಡೂ ಕಡೆ ಇದ್ದದ್ದು ಒಣಗಿದ ಹುಲ್ಲು ಮತ್ತು ಫೆಬ್ರವರಿಯ ಗಾಳಿ. ಪೊದೆಯ ಬೆಂಕಿಗೆ ಹೋಲಿಸಿದರೆ ಹುಲ್ಲಿನ ಬೆಂಕಿ ಗಿಡ್ಡ, ನಿಜ. ಗಿಡ್ಡದಾದ್ದರಿಂದಲೇ ಅದು ಮಲಗುತ್ತದೆ, ಮಲಗಿದ್ದರಿಂದಲೇ ಕಾರಿನ ಅಡಿಗೂ ಹೋಗುತ್ತದೆ, ಬೇಲಿಯ ಅಡಿಗೂ ನುಸುಳುತ್ತದೆ.

ಬೆಟ್ಟದಂಚು

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬೆಂಕಿಕಾವಲು ಅವರ ಉತ್ತರವನ್ನು ನಮ್ಮ ಹಿರಿಯರಿಗೆ ಓದಿ ಹೇಳಿದೆ. ಬೂದಿ ತೂರಿ ನೋಡುವುದು ತಮ್ಮ ತಂದೆಯವರ ಕಾಲದಲ್ಲೂ ಇತ್ತು, ಅಂದಿನ ಗಾಬರಿಯಲ್ಲಿ ತಾವೇ ಮರೆತದ್ದಾಗಿ ಅವರು ಒಪ್ಪಿಕೊಂಡರು.

ದ್ರವಗತಿ ಅವರು ಹೇಳಿದ ತಾಳವನ್ನು ಮಗಳ ಚಿತ್ರದಲ್ಲಿ ಎಣಿಸಿ ನೋಡಿದೆವು. ನಮ್ಮ ಬೇಲಿಯ ಗೂಟಗಳು 3 ಮೀಟರಿಗೆ ಒಂದರಂತೆ ಇರುವುದರಿಂದ ಅಳತೆಗೆ ಅನುಕೂಲವಾಯಿತು. ಹುಲ್ಲಿನಲ್ಲಿ ಉರಿಯುತ್ತಿದ್ದ ಪಟ್ಟಿಯ ಅಗಲ, ಹಿಂದಿನಿಂದ ಮುಂದಕ್ಕೆ, ಸುಮಾರು 2 ಮೀಟರ್. ಒಂದೇ ಗೂಟದ ಮೇಲೆ ಕಣ್ಣಿಟ್ಟು, ಚಿತ್ರವನ್ನು ನಿಧಾನಗೊಳಿಸಿ ಎಣಿಸಿದಾಗ 20 ಸೆಕೆಂಡುಗಳಲ್ಲಿ 23 ಬಾರಿ ಬೆಂಕಿ ಮುಂದಕ್ಕೆ ಚಿಮ್ಮಿತು. ನಿಮ್ಮ ನಿಯಮದಂತೆ 21 ಬರಬೇಕಿತ್ತು. ಇಷ್ಟು ಹತ್ತಿರ ಬರುವುದೆಂದು ನಾನು ನಿರೀಕ್ಷಿಸಿರಲಿಲ್ಲ.

ದ್ರವಗತಿ

ನಿಮ್ಮ ಎಣಿಕೆ ಓದಿ ಬಹಳ ಸಂತೋಷವಾಯಿತು. ಆದರೂ ಒಂದು ಮಾತು ಹೇಳಬೇಕು. ಆ ನಿಯಮ ಗಾಳಿಯಿಲ್ಲದ ಕಡೆ ಗುಂಡನೆಯ ಬೆಂಕಿಗೆ ಅಳೆದದ್ದು. ಗಾಳಿಯಲ್ಲಿನ ಸಾಲು ಬೆಂಕಿಗೆ, ಸೆಕೆಂಡಿಗೆ ಎಷ್ಟು ಬಾರಿ ಚಿಮ್ಮುತ್ತದೆ ಎಂಬುದನ್ನು ಜ್ವಾಲೆಯ ಅಳತೆಯಿಂದ ಗುಣಿಸಿ, ಗಾಳಿಯ ವೇಗದಿಂದ ಭಾಗಿಸಿ, ಫ್ರೌಡ್ ಸಂಖ್ಯೆಯ ಎದುರು ಇಟ್ಟು ನೋಡುವುದು ಸರಿಯಾದ ವಿಧಾನ. ಅದಕ್ಕೆ ಜ್ವಾಲೆಯ ಎತ್ತರದಲ್ಲಿನ ಗಾಳಿಯ ವೇಗ ಬೇಕು, ಅದು ನಿಮ್ಮ ಬಳಿ ಇಲ್ಲ. ಆದ್ದರಿಂದ 23 ಮತ್ತು 21ರ ಹೊಂದಿಕೆಯನ್ನು ಸದ್ಯಕ್ಕೆ ಹೆಚ್ಚು ನೆಚ್ಚಬೇಡಿ. ಹಳ್ಳದ ಲಂಟಾನ ಉರಿದ ಭಾಗವೂ ಚಿತ್ರದಲ್ಲಿದ್ದರೆ ಅಲ್ಲಿಯೂ ಎಣಿಸಿ. ಅಲ್ಲಿ ಉರಿಯುವ ಪಟ್ಟಿ 8 ಮೀಟರಿನಷ್ಟು ಅಗಲವಿದ್ದರೆ ತಾಳ ಅರ್ಧಕ್ಕೆ ಇಳಿದಿರಬೇಕು, ಎಂದರೆ ಎರಡು ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು. ಅಳತೆ ನಾಲ್ಕು ಪಟ್ಟಾದಾಗ ತಾಳ ಅರ್ಧವಾಗುತ್ತದೆಯೇ ಎಂಬುದು ಒಂದು ಎಣಿಕೆಯ ಹೊಂದಿಕೆಗಿಂತ ಬಲವಾದ ಪರೀಕ್ಷೆ.

ಬೆಟ್ಟದಂಚು

ನೋಡಿದೆವು. ಹಳ್ಳದ ಕಡೆ ಗೂಟಗಳಿಲ್ಲದ್ದರಿಂದ ಅಗಲವನ್ನು ಮರುದಿನ ಸುಟ್ಟ ಪೊದೆಗಳ ನಡುವೆ ಹೆಜ್ಜೆ ಹಾಕಿ ಅಳೆದದ್ದರ ಮೇಲೆ ಅಂದಾಜಿಸಿದ್ದೇನೆ, 7ರಿಂದ 8 ಮೀಟರ್ ಆಗಬಹುದು. ಜ್ವಾಲೆ ಸ್ಪಷ್ಟವಾಗಿ ಕಾಣುವುದು 12 ಸೆಕೆಂಡು ಮಾತ್ರ. ಅಷ್ಟರಲ್ಲಿ ಅದು 6 ಬಾರಿ ಉಬ್ಬಿ ಇಳಿಯಿತು. ಮಗಳು ಬೇರೆಯಾಗಿ ಎಣಿಸಿದಾಗಲೂ 6. ಅದರಾಚೆಗೆ ಹೊಗೆ ನಮ್ಮ ಕಡೆಗೆ ತಿರುಗಿ ಚಿತ್ರವನ್ನೆಲ್ಲ ಮುಚ್ಚಿದೆ.